ತಾರೀಖಿಲ್ಲದ ರಾಜೀನಾಮೆ

ನಮ್ಮ ಕಡೆಯ ಒಬ್ಬ ದೇಸಾಯಿ ಶಾಲೆಯ ಟೀಚರೊಬ್ಬಳನ್ನು ಪ್ರೀತಿಸಿದ. ಸಂವಿಧಾನ ಅಡ್ಡ ಬಂತು.

ನಗಬೇಡಿ. ದಿಲ್ಲಿಯ ಸಂವಿಧಾನ ಅಲ್ಲ, ವಾಡೆಯದು. ಟಿಕೋಟಾ, ಬಬಲೇಶ್ವರದ ನಡುವೆ ಒಂದು ಹಳ್ಳಿ (ಹೆಸರು ಕೇಳಬೇಡಿ, ಅಂಕಣ ಬರೆದರೂ ನಾನು ವಕೀಲ). ಅಲ್ಲಿನ ದೇಸಾಯರ ವಾಡೆ, ತೋಟ, ಹೈಸ್ಕೂಲು ಎಲ್ಲ ಒಂದು ಟ್ರಸ್ಟಿನ ಹೆಸರಲ್ಲಿವೆ. ಅಜ್ಜ ದೇಸಾಯರು ಬರೆಸಿಟ್ಟ ನಿಯಮದ ಪುಸ್ತಕವನ್ನು ಊರವರು ‘ಸಂವಿಧಾನ’ ಎಂದೇ ಕರೆಯುತ್ತಾರೆ. ದೊಡ್ಡ ದೊಡ್ಡ ಮಹಾರಾಜರ ರಾಜಧನವೇ ನಿಂತುಹೋಯಿತು. ಆದರೂ ಇಪ್ಪತ್ತೆಂಟು ವರ್ಷದ ಈ ದೇಸಾಯಿ ಹುಡುಗ ಎದುರು ಬಂದರೆ ಜನ ಎದ್ದು ನಿಂತು ‘ಸರಕಾರ್’ ಅನ್ನುವುದು ನಿಂತಿಲ್ಲ.

ಟ್ರಸ್ಟಿನ ವಕೀಲ ನಾನೇ. ಮೊದಲು ನನ್ನ ಆಫೀಸಿಗೆ ಬಂದವರು ಹುಡುಗನ ಕಾಕಾ.

“ವಕೀಲ್ರ, ಒಂಬತ್ತನೇ ಕಲಮು ಓದ್ರಿ.”

ಓದಿದೆ. ಹಿರಿಯರ ಒಪ್ಪಿಗೆಯಿಲ್ಲದೆ ಮದುವೆಯಾದ ದೇಸಾಯಿ ಟ್ರಸ್ಟಿನ ಅಧ್ಯಕ್ಷನಾಗಿ ಇರುವಂತಿಲ್ಲ, ವಾಡೆಯಲ್ಲೂ ಇರುವಂತಿಲ್ಲ. ಆಗ ಅಧ್ಯಕ್ಷ ಯಾರು? ಮನೆತನದ ಮುಂದಿನ ವಾರಸುದಾರ. ಅಂದರೆ ಕಾಕಾ!

“ಮನೆತನದ ಮಾನಾ ಹೋಗಾಕತ್ತೈತ್ರಿ,” ಎಂದು ಕಣ್ಣು ಒರೆಸಿಕೊಂಡರು. ಒರೆಸುವ ಮೊದಲೂ ಆ ಕಣ್ಣು ಒಣಗಿಯೇ ಇತ್ತು.

ಮರುದಿನ ಹುಡುಗನೇ ಬಂದ. “ನಾ ಕುರ್ಚಿ ಬಿಡ್ತೀನ್ರಿ. ರಾಜೀನಾಮಿ ಬರದು ಕೊಡ್ರಿ.”

ಇಪ್ಪತ್ತು ವರ್ಷ ಕೋರ್ಟಿನಲ್ಲಿ ಕಳೆದವನಿಗೆ ಇಂಥ ಮಾತು ಗಂಟಲಲ್ಲಿ ಇಳಿಯುತ್ತದೆಯೇ? ಇವನ ಉತ್ಸಾಹ ಎಷ್ಟು ದಿನದ್ದು? ಆರು ತಿಂಗಳಿಗೆ ವಾಡೆ ನೆನಪಾಗಿ ಅತ್ತರೆ? ಆ ಹುಡುಗಿಯ ಮೇಲೂ ನನಗೆ ಅನುಮಾನವಿತ್ತು. ಮೆಹರುನ್ನಿಸಾ (ಹೆಸರು ಬದಲಿಸಿದ್ದೇನೆ) ಅದೇ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಶಹರದ ಜೋರಾಪುರ ಪೇಟೆಯಲ್ಲಿ ನಮ್ಮ ಮನೆಯಿಂದ ಎರಡು ಓಣಿ ಆಚೆ, ಒಬ್ಬ ದರ್ಜಿಯ ಮಗಳು. ಆಕೆ ನೋಡಿದ್ದು ಹುಡುಗನನ್ನೋ, ವಾಡೆಯನ್ನೋ?

ರಾಜೀನಾಮೆ ಟೈಪ್ ಮಾಡಿಸಿದೆ. ತಾರೀಖಿನ ಜಾಗ ಮಾತ್ರ ಖಾಲಿ ಬಿಟ್ಟೆ. ತಾರೀಖಿಲ್ಲದ ಕಾಗದವನ್ನು ಯಾವಾಗ ಬೇಕಾದರೂ ಹರಿದು ಒಗೆಯಬಹುದು.

“ಇದ್ಯಾಕ ಖಾಲಿರಿ?” ಅಂದ.

“ಕಾನೂನು ಹಂಗ ಐತಿ,” ಅಂದೆ. (ಯಾವ ಕಾನೂನೂ ಹಾಗಿಲ್ಲ.) ನಂಬಿ ಸಹಿ ಮಾಡಿದ.

ಭಾನುವಾರ ಬೆಳಿಗ್ಗೆ ಮೂವರೂ ಬಂದರು. ಅವನು, ಮೆಹರುನ್ನಿಸಾ, ಆಕೆಯ ತಂದೆ. ಆಕೆ ಕಾಗದವನ್ನು ಹುಡುಗರ ಉತ್ತರಪತ್ರಿಕೆ ತಿದ್ದುವಂತೆ ಮೇಲಿಂದ ಕೆಳಗೆ ಓದಿದಳು.

“ತಾರೀಖ ಎಲ್ಲೈತ್ರಿ?”



“ಬೇಕಾದಾಗ ಇಟ್ಟಕೊಳ್ಳಾಕ, ಬ್ಯಾಡಾದಾಗ ಹರಿಯಾಕ. ನನ್ನನ್ನೂ ಹಂಗ ಮಾಡವ್ರೇನು? ಇದು ಯಾರ ಶಾಣ್ಯಾತನಾರಿ?”

ನಾನು ಕಪಾಟಿನ ಪುಸ್ತಕಗಳನ್ನು ನೋಡತೊಡಗಿದೆ. ಅವನು ಒಮ್ಮೆ ನನ್ನ ಕಡೆ ನೋಡಿದ. ಬೆರಳು ತೋರಿಸಿದ್ದರೆ ಸಾಕಿತ್ತು, ಅವನು ಪಾರಾಗುತ್ತಿದ್ದ.

“ನಂದ,” ಅಂದ. “ಅಂಜಿಕಿ ಬಂದಿತ್ತು.”

ಆಕೆಯ ಮುಖ ಬಿಳುಪೇರಿತು. ತಂದೆ ಎದ್ದು ನಿಂತರು. “ಬೇಟಿ, ನಡಿ, ಮನಿಗೆ ಹೋಗೂಣು.” ಆಕೆ ಏಳಲಿಲ್ಲ. ಕಾಗದವನ್ನು ಅವನ ಮುಂದೆ ಸರಿಸಿದಳು.

“ಹಂಗಾರ ಈಗ ಹಾಕ್ರಿ.”

ಹಾಕಿದ. ಆ ದಿನದ್ದೇ ತಾರೀಖು. ನಾನು ಅವನ ಕೈಯನ್ನೇ ನೋಡುತ್ತಿದ್ದೆ.

ನೋಟಿಸಿನ ಮೂವತ್ತು ದಿನ ಕಳೆದ ಮೇಲೆ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾಯಿತು. ಸಾಕ್ಷಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಕಾಕಾ ಕುರ್ಚಿಯೇರಿದರು. ಟೀಚರನ್ನೂ ಕೆಲಸದಿಂದ ತೆಗೆಯಲು ಹೊರಟರು, ಆದರೆ ಅಜ್ಜನ ಸಂವಿಧಾನದಲ್ಲಿ ಅದಕ್ಕೊಂದು ಕಲಮು ಇರಲಿಲ್ಲ. ಆಕೆ ಈಗಲೂ ದಿನಾ ಬಸ್ಸಿನಲ್ಲಿ ಅದೇ ಶಾಲೆಗೆ ಹೋಗಿಬರುತ್ತಾಳೆ. ಅವನು ಜೋರಾಪುರ ಪೇಟೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದು, ಪಂಪ್‌ಸೆಟ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾನೆ. ಅಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲ. ಓಣಿಯವರಿಗೆ ಅವನು ‘ಟೀಚರ್ ಬಾಯಾರ ಗಂಡ’.

ಮೊನ್ನೆ ಸಿಕ್ಕಿದ್ದ. ಚೆನ್ನಾಗಿದ್ದೀರಾ ಎಂದು ಕೇಳಿದೆ.

“ಚಲೋ ಅದೀವ್ರಿ. ಆದ್ರ ನಾ ಏನ ಹೇಳಿದ್ರೂ, ಮೊದಲ ತಾರೀಖ ಹಾಕ್ರಿ ಅಂತಾಳ ನೋಡ್ರಿ,” ಎಂದು ನಕ್ಕ. ಆ ನಗು ತುಟಿಯ ಮೇಲಷ್ಟೇ ಇತ್ತು.

ತಡೆಯಲಾಗಲಿಲ್ಲ. “ಅವತ್ತ ಖರೇ ಯಾಕ ಹೇಳಲಿಲ್ಲ?”

“ಸಹಿ ನಂದ ಇತ್ತಲ್ರಿ?” ಅಂದು ಸೈಕಲ್ ಹತ್ತಿದ.

ಇಡೀ ಊರನ್ನು ಅನುಮಾನಿಸಿದವನು ನಾನು. ಅನುಮಾನಿಸಬೇಕಾದ ಒಬ್ಬನನ್ನು ಮಾತ್ರ ಬಿಟ್ಟಿದ್ದೆ.

ಬಾಯಾರೇ, ಈ ಅಂಕಣವನ್ನು ನೀವು ಸ್ಟಾಫ್ ರೂಮಿನಲ್ಲಿ ತಪ್ಪದೆ ಓದುತ್ತೀರಿ ಎಂದು ಕೇಳಿದ್ದೇನೆ. ಆ ಜಾಗ ಖಾಲಿ ಬಿಟ್ಟವನು ನಾನು.