ಬಚ್ಚಲೊಲೆಯ ಮೇಲೆ ಬಂದ ಅಪವಾದ

ಮಾಚೇನಹಳ್ಳಿಯ ಫೌಂಡ್ರಿಯೊಂದರಲ್ಲಿ ಸುರಕ್ಷತೆ ನೋಡಿಕೊಳ್ಳುವವನು ನಾನು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಕಾರ್ಬನ್ ಮಾನಾಕ್ಸೈಡ್ ಬಗ್ಗೆ ಭಾಷಣ ಬಿಗಿಯುವುದು ನನ್ನ ಪಾಲಿನ ಕೆಲಸ. ವಾಸನೆಯಿಲ್ಲ, ಬಣ್ಣವಿಲ್ಲ, ರಕ್ತದಲ್ಲಿ ಆಮ್ಲಜನಕದ ಜಾಗದಲ್ಲಿ ತಾನು ಕೂತುಬಿಡುತ್ತದೆ ಎಂದು ಹೇಳಿ ಅವರನ್ನು ಹೆದರಿಸುವುದೆಂದರೆ ನನಗೆ ಒಳಗೊಳಗೇ ಖುಷಿ. ಆ ಅನಿಲದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಿಲ್ಲ ಅಂದುಕೊಂಡಿದ್ದೆ.

ಭದ್ರಾವತಿಯಲ್ಲಿರುವ ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ಒಂದು ನಾಯಿ ಸಾಕಿದ್ದಾರೆ. ಕಳೆದ ಮಳೆಗಾಲದಲ್ಲಿ ಅದು ಊಟ ಬಿಟ್ಟಿತು. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಇಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಶಿವಮೊಗ್ಗದ ಪಶು ಆಸ್ಪತ್ರೆಗೆ ಬಂದೆ. ದಾರಿಯುದ್ದಕ್ಕೂ ಅತ್ತೆ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು "ಏಳೋ ಮಾರಾಯ, ಕಣ್ಣು ಬಿಡೋ" ಅನ್ನುತ್ತಿದ್ದರು.

ಪರೀಕ್ಷೆ ಮುಗಿಸಿ ಹೊರಗೆ ಬಂದ ಡಾಕ್ಟರು, ರಕ್ತ ತೀರಾ ಕಡಿಮೆಯಾಗಿದೆ, ಆಮ್ಲಜನಕ ಸಾಲುತ್ತಿಲ್ಲ, ಕಾರ್ಬನ್ ಮಾನಾಕ್ಸೈಡೂ ಸ್ವಲ್ಪ ಹೆಚ್ಚಿದೆ ಎಂದರು. ಅವರು ಮಾತು ಮುಗಿಸುವುದಕ್ಕೂ ನಾನು ಬಿಡಲಿಲ್ಲ.

"ಬಚ್ಚಲ ಒಲೆ ಹತ್ರ ಕಟ್ಟಬೇಡಿ ಅಂತ ಎಷ್ಟು ಸಲ ಬಡ್ಕೊಂಡೆ ಅತ್ತೆ? ಹೊಗೆ ಕುಡಿಸಿ ಕುಡಿಸಿ ಕೊಂದ್ರಲ್ಲ ಅದನ್ನ!"

ವರಾಂಡದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಚಳಿಗೆ ನಡುಗ್ತಿತ್ತು, ಅದಕ್ಕೇ ಕಟ್ಟಿದೆ" ಎಂದಿದ್ದು ಸರಿಯಾಗಿ ಕೇಳಿಸಲೂ ಇಲ್ಲ.

"ಸ್ವಲ್ಪ ತಡೀರಿ ಸಾರ್," ಎಂದರು ಡಾಕ್ಟರು. "ಒಲೆಗೂ ಇದಕ್ಕೂ ಸಂಬಂಧ ಇಲ್ಲ. ಉಣುಗು ಕಚ್ಚಿ ರಕ್ತದೊಳಗೆ ಒಂದು ಪರಾವಲಂಬಿ ಸೇರ್ಕೊಂಡಿದೆ. ಅದು ಕೆಂಪು ಕಣಗಳನ್ನ ಒಡೀತಿದೆ. ಕಣ ಒಡೆದ್ರೆ ಮೈಯೇ ಆ ಗ್ಯಾಸ್ ತಯಾರು ಮಾಡುತ್ತೆ. ಇಂಜೆಕ್ಷನ್ ಕೊಟ್ಟಿದ್ದೀನಿ, ರಕ್ತಾನೂ ಕೊಡ್ತೀವಿ. ಬದುಕ್ಕೊಳ್ಳುತ್ತೆ."

ಛೆ, ಮುಖ ಎಲ್ಲಿಟ್ಟುಕೊಳ್ಳಲಿ? ಅಷ್ಟಕ್ಕೇ ಮುಗಿದಿದ್ದರೂ ಹೇಗೋ ನುಂಗಿಕೊಳ್ಳುತ್ತಿದ್ದೆ. ಡಾಕ್ಟರು ಅತ್ತೆಯ ಕಡೆ ತಿರುಗಿ, "ಉಣುಗಿಗೆ ಔಷಧಿ ಹಾಕ್ತಿರ್ಲಿಲ್ವಾ ಅಮ್ಮ?" ಎಂದು ಕೇಳಿದರು.

ಆ ಔಷಧಿಯನ್ನು ಶಿವಮೊಗ್ಗದಿಂದ ತಂದುಕೊಡಿ ಎಂದು ಅತ್ತೆ ಬೇಸಿಗೆಯಿಂದ ನನಗೆ ಫೋನು ಮಾಡುತ್ತಲೇ ಇದ್ದರು. ಪ್ರತಿ ಸಲವೂ "ತರ್ತೀನಿ ಬಿಡಿ" ಎಂದು ಫೋನಿಟ್ಟವನು ನಾನು. ಈಗ ಹೇಳಿಯೇ ಬಿಡುತ್ತಾರೆ, ಹೇಳಲಿ, ನನಗೆ ಆಗಬೇಕಾದ್ದೇ ಎಂದು ತಲೆ ತಗ್ಗಿಸಿ ನಿಂತೆ.

ಅತ್ತೆ ನನ್ನ ಕಡೆ ನೋಡಲೂ ಇಲ್ಲ.

"ನಂಗೇ ಮರ್ತು ಹೋಯ್ತು ಡಾಕ್ಟ್ರೇ," ಎಂದರು. "ನಮ್ಮ ಅಳಿಯಂದ್ರು ಹೇಳ್ತಾನೇ ಇದ್ರು."