ಕಂಡದ್ದೆಲ್ಲ ಕೂಗುವ ಭಾವ
ಕಂಡದ್ದನ್ನೆಲ್ಲ ಕೂಗಿ ಹೇಳದಿದ್ದರೆ ನಮ್ಮ ಭಾವನವರಿಗೆ ಉಂಡದ್ದು ಜೀರ್ಣವಾಗದು. ಪರಂಗಿ ದೊರೆಗಳು ಕಟ್ಟಿದ, ಚಿತ್ರಕಾರರೇ ತುಂಬಿದ ಒಂದು ಊರಿನಲ್ಲಿ ಬಸ್ಸಿಳಿದವರೇ, "ಅಗೋ, ನೀಲಿ ಬಾಗಿಲು! ಕಿಟಕಿ ತುಂಬ ಕುಂಚ! ಅಯ್ಯಯ್ಯೋ, ಚಿತ್ರಕಾರನ ಗಡ್ಡಕ್ಕೂ ಹಸಿರು ಬಣ್ಣ!" ಎಂದು ಬೀದಿಯುದ್ದಕ್ಕೂ ಜಾಹೀರು ಮಾಡಿದರು. "ನಮಗೂ ಕಣ್ಣಿದೆ ಸ್ವಾಮಿ" ಎಂದು ಯಾರೋ ಗೊಣಗಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಊರಾಚೆಯ ಪಾಳು ಅರಮನೆಯ ಮುಂದೆ, ತಾವೇ ಕಟ್ಟಿಸಿದವರಂತೆ ಎದೆಯುಬ್ಬಿಸಿ, "ಆಹಾ, ಕಂಬ ನೋಡು, ಮುಗಿಲು ಮುಟ್ಟಿದೆ!" ಎಂದರು. ಅವರ ತೋಳು ಹಿಡಿದು ಬಂದಿದ್ದ ಅಕ್ಕನಿಗೆ ದೃಷ್ಟಿ ಮಂಕಾಗುತ್ತಾ ಬಂದು, ಈಗ ಬೆಳಕು ನೆರಳಷ್ಟೇ ಕಾಣುತ್ತದೆ. ಅವಳು ಆ ಕಲ್ಲನ್ನು ಸವರಿ ನಕ್ಕಳು: "ರೀ, ಇದು ನನ್ನ ಸೊಂಟದ ಹತ್ರಾನೇ ಮುರಿದಿದೆ." ಭಾವನವರ ಬಾಯಿ ಮೊದಲ ಸಲ ಕಟ್ಟಿತು. "ನಿಲ್ಲಿಸ್ಬೇಡಿ," ಎಂದಳು ಅಕ್ಕ, "ಮುಗಿಲು ಯಾವ ಬಣ್ಣ ಇದೆ, ಹೇಳಿ."