ರಾಜಲಕ್ಷ್ಮಿಯ ಜ್ಯೂರಿ ರಜೆ

ಬೇರೆಯವರಿಗೆ ಸಿಟ್ಟು ಮೂಗಿನ ತುದಿಯಲ್ಲಿದ್ದರೆ, ನಮ್ಮ ಯಜಮಾನರು ನೀಲಕಂಠಪ್ಪನವರಿಗೆ ಅಲ್ಲಿ ಸಂಶಯ. ಮೊಸರಿನ ಡಬ್ಬವನ್ನು ಮೂಸದೆ ಕೊಂಡವರಲ್ಲ. ಅಂಗಡಿಗೆ ಬೀಗ ಹಾಕಿ, ಜಗ್ಗಿ ನೋಡಿ, ಕಾರಿನ ತನಕ ಹೋಗಿ, ಮತ್ತೆ ವಾಪಸ್ ಬಂದು ಜಗ್ಗುತ್ತಾರೆ. ಮದುವೆಯಾದ ಹೊಸದರಲ್ಲಿ ಸಾರಿಗೆ ಉಪ್ಪು ಹಾಕಿದ್ದೇನೆ ಎಂದರೆ, ಅಂಗೈಗೆ ಹಾಕಿಸಿಕೊಂಡು ನೆಕ್ಕಿ ನೋಡಿದ ಮೇಲೇ ನಂಬಿದ ಪುಣ್ಯಾತ್ಮ. ಹುಬ್ಬಳ್ಳಿಯ ಈ ಮನುಷ್ಯ ಹ್ಯೂಸ್ಟನ್ನಿಗೆ ಬಂದು, ಹಿಲ್‌ಕ್ರಾಫ್ಟ್ ರಸ್ತೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಚಕ್ಕುಲಿಯ ಅಂಗಡಿ ಇಟ್ಟು ಇಷ್ಟು ವರ್ಷ ನಡೆಸಿದ್ದೇ ನನಗೊಂದು ಆಶ್ಚರ್ಯ.

ಅವರು ಕಣ್ಣು ಮುಚ್ಚಿ ನಂಬುವುದು ಮಗಳು ವೈಷ್ಣವಿಯೊಬ್ಬಳನ್ನೇ. ಅವಳು ರೌಂಡ್ ರಾಕ್‌ನಲ್ಲಿ ಒಂದು ಕಂಪನಿಯ ಸಿಬ್ಬಂದಿ ವಿಭಾಗದಲ್ಲಿದ್ದಾಳೆ. ನಮ್ಮ ಅಂಗಡಿಗೂ ರಜೆಯ ನಿಯಮಗಳಿರಲಿ ಎಂದು ಅವಳೇ ಬರೆದು ಕಳಿಸಿದಳು. ಇವರು ಓದದೆ ಸಹಿ ಹಾಕಿದರು. ಕೆಲಸದವರನ್ನು ಕೋರ್ಟು ಜ್ಯೂರಿಗೋ ಸಾಕ್ಷಿಗೋ ಕರೆದರೆ ಆ ದಿನಗಳ ಸಂಬಳ ಅಂಗಡಿಯೇ ಕೊಡಬೇಕು ಎಂದು ಅದರಲ್ಲಿತ್ತು. ಅದು ಇವರಿಗೆ ಗೊತ್ತಾದದ್ದು ರಾಜಲಕ್ಷ್ಮಿ ರಜೆ ಕೇಳಿದ ದಿನ.

ರಾಜಲಕ್ಷ್ಮಿ ನಮ್ಮ ಚಕ್ಕುಲಿ ಕೌಂಟರಿನವಳು. ಮೈಸೂರಿನ ಕಡೆಯ ಹೆಂಗಸು. ಗಂಡ ತೀರಿಕೊಂಡ ಮೇಲೆ ತಂಗಿಯ ಹತ್ತಿರ ಬಂದು ಇಲ್ಲೇ ನೆಲೆ ನಿಂತಳು. ಹೋದ ವರ್ಷವಷ್ಟೇ ಅಮೆರಿಕದ ಪ್ರಜೆಯಾಗಿದ್ದಳು.

"ತಪ್ಪು ಮಾಡದವ್ರನ್ನ ಕೋರ್ಟ್ ಯಾಕ ಕರಿತೈತಿ?" ಎಂದರು ಇವರು, ನನ್ನ ಕಡೆ ತಿರುಗಿ, ಅವಳು ಅಲ್ಲಿ ನಿಂತೇ ಇಲ್ಲವೆಂಬಂತೆ.

"ತಪ್ಪು ಮಾಡಿದಾನೋ ಇಲ್ವೋ ಅಂತ ಜ್ಯೂರಿಯಲ್ಲಿ ಕೂತ ನಮ್ಮಂಥ ಪ್ರಜೆಗಳೇ ಹೇಳ್ಬೇಕಂತೆ ಸಾರ್. ಅದಕ್ಕೇ ಕರೆದಿರೋದು," ಎಂದಳು ರಾಜಲಕ್ಷ್ಮಿ.

"ಯಾವ ಕೇಸು?" ಎಂದು ಇವರು ಕೇಳಿದ್ದು ಅವಳನ್ನು ಜ್ಯೂರಿಗೆ ಆರಿಸಿದ ಮೇಲೆ. ಯಾರಿಗೂ ಹೇಳಬಾರದೆಂದು ಜಡ್ಜ್ ತಾಕೀತು ಮಾಡಿದ್ದಾರೆ ಎಂದು ಅವಳು ಬಾಯಿ ಮುಚ್ಚಿಕೊಂಡಳು. ಅಲ್ಲಿಗೆ ಇವರ ಸಂಶಯಕ್ಕೆ ರೆಕ್ಕೆ ಬಂತು. ನಮ್ಮ ಕಡೆ ಕೋರ್ಟಿಗೆ ಹೋದವರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರಿಗೂ ಕೇಸಿನ ಕಥೆ ಹೇಳಿ, ಅವರಿಂದಲೇ ಚಹಾ ಕುಡಿದು ಬರುತ್ತಾರೆ. ಮುಚ್ಚಿಡುವುದೆಂದರೆ ಏನೋ ಕಿತಾಪತಿ ಇರಲೇಬೇಕು.

ಅದೇ ಹೊತ್ತಿಗೆ ಎದುರು ಸಾಲಿನ ಅಂಗಡಿಯವರು ಚಕ್ಕುಲಿ ಮಾರಲು ಶುರುಮಾಡಿದರು. ಇವರು ಒಂದು ಪೊಟ್ಟಣ ತಂದು, ಕಣ್ಣು ಮುಚ್ಚಿ ಅಗಿದು, "ಇದು ಆಕಿ ಕೈರುಚಿನ. ಸಂಬಳ ನಮ್ಮದು, ದುಡಿಮಿ ಅವರಿಗೆ," ಎಂದು ತೀರ್ಪು ಕೊಟ್ಟರು. ನಾನೂ ತಿಂದೆ. ಬರೀ ಅಜವಾನ. ರಾಜಲಕ್ಷ್ಮಿ ಜನ್ಮದಲ್ಲಿ ಹಾಗೆ ಮಾಡಿದವಳಲ್ಲ. ಹೇಳಿದರೆ ನನ್ನ ನಾಲಿಗೆಯ ಮೇಲೂ ಸಂಶಯ.

ವೈಷ್ಣವಿಗೆ ಫೋನ್ ಮಾಡಿದರು. "ಅಪ್ಪಾ, ಇಟ್ಸ್ ಹರ್ ಡ್ಯೂಟಿ. ಜ್ಯೂರಿಗೆ ಹೋದ್ರು ಅಂತ ಫೈರ್ ಮಾಡೋ ಹಾಗಿಲ್ಲ," ಎಂದಳು. "ಹೋಗ್ಯಾಳಂತ ಯಾರಿಗೆ ಗೊತ್ತು?" ಎಂದು ಇವರು ಫೋನ್ ಇಟ್ಟರು. ಹೋಗಿಲ್ಲವೆಂದು ಸಾಬೀತಾದರೆ ಅವಳನ್ನು ಕೆಲಸದಿಂದ ಬಿಡಿಸುವುದು ಅವರ ಲೆಕ್ಕಾಚಾರ.

ಶನಿವಾರ ರಾಜಲಕ್ಷ್ಮಿ ಅಂಗಡಿಗೆ ಬಂದಿದ್ದಳು. ಹಿಟ್ಟು ನಾದುತ್ತಾ ನನ್ನೊಬ್ಬಳಿಗೇ ಹೇಳಿದಳು: "ಕೇಸಿನ ಮಾತು ಬೇಡ ಸುಮಿತ್ರಮ್ಮ. ಆದ್ರೆ ನಾವು ಒಳಗೆ ಬಂದ್ರೆ ಎಲ್ಲರೂ ಎದ್ದು ನಿಲ್ತಾರೆ ಕಣ್ರೀ. ಲಾಯರ್‌ಗಳು, ಆರೋಪಿ ಹುಡುಗ, ಜಡ್ಜ್ ಕೂಡ. ನನ್ನನ್ನ ನೋಡಿ ಯಾರು ಎದ್ದಿದ್ದಾರೆ ಹೇಳಿ, ಇಷ್ಟು ವಯಸ್ಸಿಗೆ? ಕೊನೆಯವರೆಗೂ ಕೂತು, ಸರಿಯಾಗಿ ಕೇಳಿ, ನನಗನ್ನಿಸಿದ್ದು ಹೇಳಿ ಬರ್ಬೇಕು." ಅವಳ ಮುಖ ನೋಡಿ ನನಗೆ ಹೊಟ್ಟೆ ತಣ್ಣಗಾಯಿತು. ದೇವರೇ, ಇವಳ ಪಾಡಿಗೆ ಇವಳನ್ನು ಬಿಡಲಿ ಎಂದುಕೊಂಡೆ.

ಬಿಡುತ್ತಾರೆಯೇ? ಸೋಮವಾರ ನನ್ನನ್ನೂ ಕಾರಿಗೆ ಹತ್ತಿಸಿಕೊಂಡು ಡೌನ್‌ಟೌನಿನ ಕೋರ್ಟಿಗೆ ಹೊರಟರು. ಮಹಡಿಯಿಂದ ಮಹಡಿಗೆ ಹೋಗಿ, ಒಂದೊಂದೇ ಬಾಗಿಲು ಸರಿಸಿ ಇಣುಕಿದರು. ಕೊನೆಗೊಂದು ಕೋಣೆಯ ಹಿಂದಿನ ಬೆಂಚಿನಲ್ಲಿ ಕೂತೆವು. ಸ್ವಲ್ಪ ಹೊತ್ತಿಗೆ ಎಲ್ಲರೂ ಎದ್ದರು. ಇವರೂ ಎದ್ದರು, ಯಾರಿಗೆಂದು ತಿಳಿಯದೆ. ಪಕ್ಕದ ಬಾಗಿಲಿನಿಂದ ಜ್ಯೂರಿಯವರು ಸಾಲಾಗಿ ಬಂದರು. ನಡುವೆ ಮೈಸೂರು ಸಿಲ್ಕ್ ಸೀರೆಯ ಮೇಲೆ ಸ್ವೆಟರ್ ಹಾಕಿ, ಎದೆಗೆ ಜ್ಯೂರಿಯ ಬಿಲ್ಲೆ ಸಿಕ್ಕಿಸಿಕೊಂಡ ನಮ್ಮ ರಾಜಲಕ್ಷ್ಮಿ.

"ಆತಲ್ಲ? ನಡೀರಿ ಮನಿಗೆ," ಎಂದೆ. ಇವರು ಅಲುಗಲಿಲ್ಲ. ಈಗ ಇವರ ಕಣ್ಣು ಲಾಯರ್ ಪಕ್ಕ ಕೂತಿದ್ದ ಆರೋಪಿ ಹುಡುಗನ ಮೇಲೆ ಬಿದ್ದಿತ್ತು. ಏನೋ ಕಳವಿನ ಆರೋಪ.

ವಿರಾಮದಲ್ಲಿ ಜ್ಯೂರಿಯವರು ಹಜಾರಕ್ಕೆ ಬಂದರು. ನಾನು ತೋಳು ಹಿಡಿಯುವುದರೊಳಗೆ ಇವರು ಅವಳ ಮುಂದೆ ನಿಂತಾಗಿತ್ತು. "ಏನವ್ವಾ, ಖರೇನ ಬಂದೀಯಲ್ಲ! ಲಗೂ ಮುಗಿಸಿ ಬಾ. ಅಂವ ಕಳ್ಳನ ಅದಾನ, ಮಾರಿ ನೋಡಿದ್ರ ಗೊತ್ತಾಗ್ತೈತಿ!"

ರಾಜಲಕ್ಷ್ಮಿಯ ಮುಖ ಬಿಳಿಚಿತು. ತಟ್ಟನೆ ಹಿಂದೆ ಸರಿದಳು. ಕೋರ್ಟಿನ ಪೊಲೀಸ ಎಲ್ಲವನ್ನೂ ನೋಡಿದ್ದ.

ನಮ್ಮಿಬ್ಬರನ್ನೂ ಒಳಗೆ ಕರೆದೊಯ್ದು ಮುಂದೆ ನಿಲ್ಲಿಸಿದರು. ಜ್ಯೂರಿಯಿಂದ ರಾಜಲಕ್ಷ್ಮಿಯೊಬ್ಬಳನ್ನೇ ಕರೆಸಿದರು. ಈ ಮನುಷ್ಯ ಯಾರು, ಯಾವ ಭಾಷೆ, ಏನು ಹೇಳಿದ ಎಂದು ಜಡ್ಜ್ ಕೇಳಿದರು. ಲಾಯರ್‌ಗಳು ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇವರು ಜನರನ್ನು ನೋಡುತ್ತಾರಲ್ಲ, ಥೇಟ್ ಹಾಗೆಯೇ.

ಆ ಕೋಣೆಯಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮ ಮೂವರಿಗೇ. ಬೇಗ ಮನೆಗೆ ಬಾ ಅಂದರು ಎಂದಿದ್ದರೆ ಮುಗಿದುಹೋಗುತ್ತಿತ್ತು. ಅವಳ ಕುರ್ಚಿ ಅವಳಿಗೇ ಉಳಿಯುತ್ತಿತ್ತೇನೋ. ಹಾಗೇ ಹೇಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ರಾಜಲಕ್ಷ್ಮಿ ಸೀರೆಯ ಸೆರಗನ್ನು ಬಿಗಿಯಾಗಿ ಹಿಡಿದು, ಇವರು ಆಡಿದ ಮಾತನ್ನು ಒಂದೂ ಬಿಡದೆ ಇಂಗ್ಲಿಷಿನಲ್ಲಿ ಒಪ್ಪಿಸಿದಳು. "ಇವರು ನನ್ನ ಮಾಲೀಕರು. ನಾನು ಇಲ್ಲಿಗೆ ಬರ್ತೀನಿ ಅಂತ ನಂಬಿರಲಿಲ್ಲ, ನೋಡೋಕೆ ಬಂದಿದ್ದಾರೆ," ಎಂದೂ ಸೇರಿಸಿದಳು. ಆ ಮಾತನ್ನು ಮರೆತು ತೀರ್ಪು ಕೊಡಬಲ್ಲೆ ಎಂದಳು.

ಜಡ್ಜ್ ಅವಳಿಗೆ ಧನ್ಯವಾದ ಹೇಳಿ, ಆದರೂ ಹೊರಗಿನ ಮಾತು ಕಿವಿಗೆ ಬಿದ್ದವರನ್ನು ಇರಿಸಿಕೊಳ್ಳಲಾಗದು ಎಂದು ಜ್ಯೂರಿಯಿಂದ ಬಿಡಿಸಿದರು. ಅವಳ ಕುರ್ಚಿಗೆ ಬದಲಿಯಾಗಿ ಇನ್ನೊಬ್ಬರು ಬಂದರು. ಇವರಿಗೆ ಬೈಗುಳದ ಮಳೆ. ಮತ್ತೆ ಕಾಣಿಸಿಕೊಂಡರೆ ಜೈಲು ಎಂದರು.

ಕಾರಿನಲ್ಲಿ ಬಾ ಎಂದು ಕರೆದೆ. ಅವಳು ಬಿಲ್ಲೆ ಕಳಚಿ ಕೊಟ್ಟು ಬಸ್ಸಿಗೆ ಹೋದಳು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ದಾರಿಯಲ್ಲಿ ಇವರು ಕೇಳಿದರು: "ಸುಳ್ಳ ಹೇಳಬಹುದಿತ್ತಲ್ಲ ಆಕಿ?"

"ಹೇಳಬಹುದಿತ್ತು," ಎಂದೆ. "ಯಾರಿಗೂ ಗೊತ್ತಾಗ್ತಿರಲಿಲ್ಲ."

ಮರುದಿನ ಬಾಗಿಲು ತೆರೆಯುವ ಹೊತ್ತಿಗೆ ರಾಜಲಕ್ಷ್ಮಿ ಬಂದಳು. ಗಲ್ಲಾಪೆಟ್ಟಿಗೆಯ ಕುರ್ಚಿಯಲ್ಲಿ ಕೂತಿದ್ದ ಇವರು ಅವಳನ್ನು ಕಂಡದ್ದೇ ಎದ್ದು ನಿಂತರು. ಗಿರಾಕಿಗಳಿಗೂ ಏಳದ ಮನುಷ್ಯ ಕೈಕಟ್ಟಿ ನಿಂತರು.

ರಾಜಲಕ್ಷ್ಮಿ ಏಪ್ರನ್ ಕಟ್ಟಿಕೊಳ್ಳುತ್ತಾ ಒಂದು ಕ್ಷಣ ನೋಡಿದಳು.

"ಕೂತ್ಕೊಳ್ಳಿ ಸಾರ್," ಎಂದಳು. "ನಾನೀಗ ಜ್ಯೂರಿಯಲ್ಲಿಲ್ಲ."